ಸಹಾಯ ಬೇಕು: ಶೆಲ್ ಸ್ಕ್ರಿಪ್ಟ್‌ನಲ್ಲಿ ಸಿಮ್‌ಲಿಂಕ್ (ಇನ್ನೊಂದು ಫೈಲನ್ನು ತೋರಿಸೋ ಕೊಂಡಿ) ಮುರಿಯದೆ ಫೈಲ್ ಬದಲಿಸೋದು ಹೇಗೆ?

ಒಂದೇ ಸ್ಕ್ರಿಪ್ಟ್ ಲಿನಕ್ಸ್, ಮ್ಯಾಕ್‌ಓಎಸ್, ಫ್ರೀಬಿಎಸ್‌ಡಿ ಮೂರರಲ್ಲೂ ಓಡಬೇಕು. ಕೆಲಸ ಇಷ್ಟೇ, ಕಾನ್ಫಿಗ್ ಫೈಲಿನ ಒಂದು ಸಾಲು ಬದಲಿಸೋದು. ಫೈಲನ್ನು ಅಲ್ಲೇ ತಿದ್ದೋ ‘ಸೆಡ್ -ಐ’ ಪೋಸಿಕ್ಸ್‌ನಲ್ಲಿ (ಯುನಿಕ್ಸ್ ಥರದ ಸಿಸ್ಟಂಗಳ ಸಾಮಾನ್ಯ ಮಾನದಂಡ) ಇಲ್ಲ. ಮ್ಯಾಕ್‌ನಲ್ಲಂತೂ ಅದರ ಮುಂದಿನ ಪದವನ್ನೇ ಬ್ಯಾಕಪ್ ಎಕ್ಸ್‌ಟೆನ್ಶನ್ ಅಂದ್ಕೊಳ್ಳುತ್ತೆ.

ಹಾಗಾಗಿ ಪರ್ಮಿಶನ್ ಸಮೇತ ನಕಲಿಸೋ ‘ಸಿಪಿ -ಪಿ’ಯಿಂದ ಅದೇ ಡೈರೆಕ್ಟರಿಯಲ್ಲಿ ಪ್ರತಿ ಮಾಡಿ, ಸೆಡ್ ಔಟ್‌ಪುಟ್ ಅದರೊಳಕ್ಕೆ ಬರೆದು, ‘ಎಂವಿ’ಯಿಂದ ಮೂಲ ಹೆಸರಿಗೆ ಸರಿಸ್ತಿದ್ದೀನಿ. ಪರ್ಮಿಶನ್ ಉಳಿಯುತ್ತೆ. ಆದರೆ ಮೂಲ ಹೆಸರು ಸಿಮ್‌ಲಿಂಕ್ ಆಗಿದ್ದರೆ ಲಿಂಕ್ ಹೋಗಿ ಆ ಜಾಗದಲ್ಲಿ ಸಾದಾ ಫೈಲ್ ಕೂರುತ್ತೆ. ‘ಕ್ಯಾಟ್’ನಿಂದ ನೇರವಾಗಿ ಬರೆದರೆ ಲಿಂಕ್ ಉಳಿಯುತ್ತೆ, ಮಧ್ಯೆ ನಿಂತರೆ ಮಾತ್ರ ಫೈಲ್ ಅರ್ಧಂಬರ್ಧ. ಲಿಂಕ್ ಕೊನೆಗೆ ಎಲ್ಲಿಗೆ ಹೋಗುತ್ತೆ ಅಂತ ಹೇಳೋ ‘ರೀಡ್‌ಲಿಂಕ್ -ಎಫ್’ ಹಳೆಯ ಮ್ಯಾಕ್‌ಗಳಲ್ಲಿ ಇಲ್ಲ. ‘ಪಿಡಬ್ಲ್ಯೂಡಿ -ಪಿ’ (ದೊಡ್ಡಕ್ಷರದ ಪಿ) ಡೈರೆಕ್ಟರಿಯ ಲಿಂಕನ್ನಷ್ಟೇ ಬಿಡಿಸಿ ನಿಜವಾದ ಪಾತ್ ಕೊಡುತ್ತೆ. ಲಿಂಕಿನ ಗುರಿಯನ್ನು ಬಾಣ ಹಾಕಿ ತೋರಿಸೋ ‘ಎಲ್‌ಎಸ್ -ಎಲ್’ ಔಟ್‌ಪುಟ್ ಕತ್ತರಿಸೋಣ ಅಂದ್ರೆ, ಹೆಸರಲ್ಲೇ ಬಾಣದ ಗುರುತಿದ್ದರೆ ಕೈಕೊಡುತ್ತೆ.

ಪರ್ಲ್, ಪೈಥಾನ್ ಮುಟ್ಟದೆ, ಬರೀ ಪೋಸಿಕ್ಸ್ ಶೆಲ್‌ನಲ್ಲಿ ಲಿಂಕ್ ಕೊನೆಗೆ ತೋರಿಸೋ ಫೈಲಿನ ಪಾತ್ ತಪ್ಪಿಲ್ಲದೆ ಪಡೆಯೋದು ಹೇಗೆ?