ಏಟು ತಿಂದಿದ್ದಕ್ಕೇ ಉದ್ಧಾರ ಆದ್ವಾ?

ಹೊಡೆದು ಬಡಿದು ಬೆಳೆಸಿದ ಅಪ್ಪ ಅಮ್ಮನನ್ನ ಮೊಮ್ಮಕ್ಕಳ ಹತ್ತಿರ ಕರೆಸಬೇಕಾ ಅಂತ ಈ ಆನ್‌ಲೈನ್ ಗುಂಪಲ್ಲಿ ಒಬ್ಬರು ಕೇಳಿದ್ದಾರೆ. ಅದಕ್ಕೆ ಇನ್ನೊಬ್ಬರು "ನಾವೆಲ್ಲ ಬೆತ್ತದ ಏಟು ತಿಂದೇ ಇಲ್ಲೀತನಕ ಬಂದಿಲ್ವಾ" ಅಂತ ಬರೆದಿದ್ದಾರೆ. ನಾನೂ ತಿಂದಿದ್ದೀನಿ ಸಾರ್, ಬೆತ್ತದ್ದಲ್ಲ, ಬೆಲ್ಟಿಂದು. ಅದಕ್ಕೇ ಈ ಮಾತು ಒಪ್ಪಲ್ಲ.

ನಮ್ಮದು ದಾವಣಗೆರೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಊರಿಗೆ ಹೆಸರಿದ್ದ ಕಾಲಕ್ಕೆ ಅಪ್ಪ ಹತ್ತಿ ಮಿಲ್ಲಿಗೆ ಸೇರಿದ್ದು. ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ಮಿಲ್ಲು ಮುಚ್ಚಿತು. ಆಮೇಲೆ ಅಪ್ಪ ಕುಡಿತಕ್ಕೆ ಬಿದ್ದ. ಅಮ್ಮ ಬಂದವರ ಮುಂದೆಲ್ಲ "ಇವನು ಹುಟ್ಟಿದ ಗಳಿಗೇನೇ ಸರಿ ಇಲ್ಲ" ಅನ್ನೋಳು. ಬೆಲ್ಟಿನ ಬರೆಯಾದರೂ ವಾರಕ್ಕೆ ಮಾಯೋದು.

ಓಣಿ ದಾಟಿದರೆ ಮಂಡಕ್ಕಿ ಭಟ್ಟಿ. ಅಲ್ಲೊಬ್ಬರು ಖಾಲಾ (ಉರ್ದುವಲ್ಲಿ ಚಿಕ್ಕಮ್ಮ) ಇದ್ದರು. ಸಂಜೆ ಏಳಕ್ಕೆ, ಸರಿಯಾಗಿ ಅಪ್ಪ ಬರೋ ಹೊತ್ತಿಗೆ, ಬಾಗಿಲಲ್ಲಿ ನಿಂತು "ಲೆಕ್ಕ ಬರ್ದುಕೊಡು ಬಾರಪ್ಪ" ಅಂತ ಕರೆಯೋರು. ಒಳಗೆ ಕಾದ ಮರಳಲ್ಲಿ ಅಕ್ಕಿ ಚಟಪಟ ಅಂತ ಅರಳೋದು, ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಹೊಗೆಗೆ ಕಣ್ಣುರಿ. ಎಷ್ಟು ಚೀಲ ಹೋಯ್ತು, ಯಾರ ಬಾಕಿ ಎಷ್ಟು ಅಂತ ಬರೆದು, ಚೀಲದ ಮೇಲೇ ಕೂತು ಹೋಂವರ್ಕ್ ಮುಗಿಸಿ, ಅಪ್ಪ ಮಲಗಿದ ಮೇಲೆ ಮನೆಗೆ. ಅದೇ ಲೆಕ್ಕವನ್ನ ಅವರ ಮಗ ಮಧ್ಯಾಹ್ನಾನೇ ಬರೆದಿಟ್ಟಿರ್ತಿದ್ದ ಅಂತ ನಂಗೆ ಗೊತ್ತಾಗಿದ್ದು ಪಿಯುಸಿಗೆ ಬಂದಾಗ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನ ಎಮ್ಮಿ ವರ್ನರ್ ಅನ್ನೋ ಮನಶ್ಶಾಸ್ತ್ರಜ್ಞೆ ದಶಕಗಟ್ಟಲೆ ಗಮನಿಸಿದರು. ಬಡತನ, ಕುಡಿತ, ಮನೆಜಗಳದ ನಡುವೆ ಬೆಳೆದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಪಾಲು ಚೆನ್ನಾಗೇ ಬೆಳೆದರು. ಅವರನ್ನ ಕಾಯ್ದಿದ್ದರಲ್ಲಿ ಮುಖ್ಯವಾದದ್ದು, ನೆಚ್ಚಿಕೊಳ್ಳೋಕೆ ಸಿಕ್ಕ ಯಾರೋ ಒಬ್ಬ ದೊಡ್ಡವರು. ಹೆತ್ತವರೇ ಆಗಬೇಕಿರಲಿಲ್ಲ. ಅದನ್ನ ಓದುವಾಗ ನಂಗೆ ಮಂಡಕ್ಕಿ ವಾಸನೆ ಬಂತು. ನಮ್ಮ ಓಣಿಯಲ್ಲಿ ಏಟು ತಿಂದ ಹುಡುಗರು ಇನ್ನೂ ಏಳೆಂಟು ಜನ ಇದ್ದರು. ಅವರ್ಯಾರೂ ಇಲ್ಲಿ ಬರೆಯೋಕೆ ಈ ಗುಂಪಲ್ಲಿಲ್ಲ ಸಾರ್.

ಈಗ ಇರೋದು ಗೋಥೆನ್‌ಬರ್ಗ್‌ನಲ್ಲಿ. ಸ್ವೀಡನ್ನಲ್ಲಿ 1979ರಿಂದಲೇ ಮನೆಯೊಳಗೂ ಮಕ್ಕಳಿಗೆ ಹೊಡೆಯೋ ಹಾಗಿಲ್ಲ, ಅವಮಾನ ಮಾಡೋ ಹಾಗೂ ಇಲ್ಲ (ಅಮ್ಮನ ಬಾಯಿಯೂ ಇದರೊಳಗೆ ಬಂತು). ಆದರೆ ಕೈಗೆಲ್ಲಿ ಕಾನೂನು ಗೊತ್ತಿರುತ್ತೆ? ಹೋದ ಚಳಿಗಾಲ ಮಗಳು ಮೂರನೇ ಜೊತೆ ಗ್ಲೌಸ್ ಕಳ್ಕೊಂಡು ಬಂದಾಗ ನನ್ನ ಕೈ ಮೇಲೆದ್ದೇಬಿಟ್ಟಿತು. ಅವಳು ಎಗರಿ ನನ್ನ ಅಂಗೈಗೆ ಚಟ್ಟಂತ ಹೈಫೈವ್ ಕೊಟ್ಟು ನಕ್ಕಳು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತೆ.

ಇಂಥ ಅಪ್ಪ ಅಮ್ಮನನ್ನ ಮೊಮ್ಮಕ್ಕಳ ಹತ್ತಿರ ಕರೆಸಬೇಕಾ ಅಂತ ಕೇಳಿದ್ದೀರಿ. ನಾನು ಅಮ್ಮನನ್ನ ಕರೆಸಿದೆ, ವಿಸಿಟ್ ವೀಸಾದ 90 ದಿನಕ್ಕೆ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಟಿಕೆಟ್ ಮಾಡೋಕೆ ಮುಂಚೆಯೇ ಫೋನಲ್ಲಿ ಹೇಳಿದ್ದೆ: ಮಗು ಮೇಲೆ ಕೈ ಮಾಡಂಗಿಲ್ಲ, ಗಳಿಗೆ ಗ್ರಹಚಾರದ ಮಾತು ಆಡಂಗಿಲ್ಲ. "ನಾನೇನು ರಾಕ್ಷಸೀನಾ" ಅಂದು ಎರಡು ವಾರ ಫೋನ್ ಎತ್ತಲಿಲ್ಲ. ಆಮೇಲೆ ಬಂದಳು. ಒಂದಿನ ಮಗಳಿಗೆ ಅನ್ನ ಸಾರು ಕಲಸಿ ತುತ್ತು ಕೊಡ್ತಾ "ನಿಮ್ಮಪ್ಪಗೂ ಹಿಂಗೇ ಉಣಿಸ್ತಿದ್ದೆ" ಅಂದಳು. ನಂಗೆ ಅಂಥದ್ದೊಂದೂ ನೆನಪಿಲ್ಲ. ಮಗಳು ಹೌದಾ ಅನ್ನೋ ಹಂಗೆ ನನ್ನ ಮುಖ ನೋಡಿದಳು.

"ಇನ್ನೊಂಚೂರು ತುಪ್ಪ ಹಾಕಮ್ಮ" ಅಂದೆ.