ಓದುಗರ ಸ್ಪಂದನ: ‘ಹಾಲು ಸಾಲದು ಅಂತಾರೆ, ಏನು ಮಾಡಲಿ?’

ಕಳೆದ ಸಂಚಿಕೆಯ ಸಮಸ್ಯೆ: ನಾನು ಹಾಸನದವಳು. ಮಗುವಿಗೆ ಎರಡು ತಿಂಗಳು. ಸಿಸೇರಿಯನ್ ಆಗಿತ್ತು. ಎದೆಹಾಲು ಮಾತ್ರ ಕೊಡುತ್ತಿದ್ದೇನೆ. ಸಂಜೆಯಾದರೆ ಮಗು ಒಂದೇ ಸಮನೆ ಅಳುತ್ತದೆ. ನೋಡಲು ಬಂದವರೆಲ್ಲ ‘ನಿನಗೆ ಹಾಲು ಸಾಲದು, ಡಬ್ಬಿ ಹಾಲು ಶುರು ಮಾಡು’ ಅಂತಾರೆ. ಅತ್ತೆಯೂ ಅದನ್ನೇ ಹೇಳುತ್ತಾರೆ. ಕೆಲಸಕ್ಕೂ ವಾಪಸ್ ಹೋಗಬೇಕು. ದಿಕ್ಕೇ ತೋಚುತ್ತಿಲ್ಲ.

*

ತಂಗಿ, ನಿನ್ನ ಮಗು ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತದೆ?

ನನ್ನ ಚೊಚ್ಚಲ ಬಾಣಂತನದಲ್ಲಿ ಇದನ್ನು ಕೇಳಿದ್ದು ನಮ್ಮೂರಿನ ಆಶಾ ಅಕ್ಕ ಒಬ್ಬರೇ. ಮಿಕ್ಕವರೆಲ್ಲ ಮಗು ಅಳುವುದನ್ನು ಕೇಳಿಯೇ ಹಾಲಿಲ್ಲ ಎಂದುಬಿಟ್ಟಿದ್ದರು. ಆಶಾ ಅಕ್ಕ ಸೀದಾ ಹಿತ್ತಲಿಗೆ ಹೋಗಿ, ತಂತಿಯ ಮೇಲೆ ಹರವಿದ್ದ ಉಚ್ಚೆಬಟ್ಟೆ ಎಣಿಸಿದರು. ಬೆಳಗ್ಗೆಯಿಂದ ಏಳು. ‘ಹೊಟ್ಟೆಗೆ ಹಾಲು ಹೋಗದೆ ಇಷ್ಟು ಎಲ್ಲಿಂದ ಬರುತ್ತೆ ಹೇಳಿ’ ಅಂತ ನಮ್ಮ ಅತ್ತೆಯನ್ನೇ ಕೇಳಿದರು.

ಎದೆಹಾಲು ಮಾತ್ರ ಕುಡಿಯುವ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡುತ್ತಿದ್ದರೆ, ತೂಕವೂ ಏರುತ್ತಿದ್ದರೆ, ಹಾಲು ಸಾಲುತ್ತಿದೆ ಎಂದೇ ಅರ್ಥ. ತಾಯಿ ಕಾರ್ಡಿನಲ್ಲಿ ತೂಕ ಬರೆಸು. ತೂಕ ಏರದಿದ್ದರೆ, ಉಚ್ಚೆ ಕಡಿಮೆಯಾದರೆ, ಮಗು ಮಂಕಾಗಿದ್ದರೆ ಮಾತ್ರ ಒಂದು ದಿನವೂ ಕಾಯಬೇಡ, ಮಕ್ಕಳ ಡಾಕ್ಟರಿಗೆ ತೋರಿಸು. ಅವರು ಮೇಲುಹಾಲು ಬೇಕು ಅಂದರೆ ಕೊಡು. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ.

ಸಂಜೆಯ ಅಳು ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ಇರುತ್ತದೆ. ಆಗ ಮೇಲಿಂದ ಮೇಲೆ ಕುಡಿಯುತ್ತವೆ. ಮೂರು ನಾಲ್ಕು ತಿಂಗಳಾಗುವ ಹೊತ್ತಿಗೆ ತಾನಾಗಿ ತಗ್ಗುತ್ತದೆ. ಕೇಳಿದಾಗೆಲ್ಲ ಕುಡಿಸು. ಎದೆಹಾಲು ಒರತೆ ಇದ್ದ ಹಾಗೆ, ಮೊಗೆದಷ್ಟೂ ಜಿನುಗುತ್ತದೆ. ಡಬ್ಬಿ ಹಾಲಲ್ಲಿ ಹೊಟ್ಟೆ ತುಂಬಿದ ಮಗು ಎದೆ ಚೀಪುವುದು ಕಡಿಮೆ ಮಾಡುತ್ತದೆ, ಆಮೇಲೆ ಹಾಲು ನಿಜಕ್ಕೂ ಇಳಿಯುತ್ತದೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಎಲ್ಲ ತಿನ್ನು, ಒಳ್ಳೆಯ ಊಟವೇ. ಆದರೆ ಹಾಲು ತರಿಸುವುದು ಮಗುವಿನ ಬಾಯಿ. ‘ಬಾಣಂತಿ ನೀರು ಕುಡೀಬಾರದು’ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಬಾಯಾರಿದಾಗೆಲ್ಲ ಕುಡಿ.

ಇನ್ನೊಂದು ವಿಷಯ ನೀನು ಬರೆದಿಲ್ಲ, ಆದರೂ ಹೇಳುತ್ತೇನೆ. ನನಗೆ ತೊಟ್ಟು ಒಡೆದು ರಕ್ತ ಬರುತ್ತಿತ್ತು. ಮಗು ಬಾಯಿ ಹಾಕಿದರೆ ಜೀವ ಹೋದಂತಾಗುತ್ತಿತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಪಕ್ಕದ ಮನೆಯ ದೊಡ್ಡಮ್ಮ ನನ್ನ ಮುಖ ನೋಡಿಯೇ ಕಂಡುಹಿಡಿದರು. ಬಂದು ಪಕ್ಕ ಕೂತು, ಮಗುವನ್ನು ಪೂರ್ತಿ ನನ್ನ ಕಡೆ ತಿರುಗಿಸಿದರು. ‘ಅದರ ಹೊಟ್ಟೆ ನಿನ್ನ ಹೊಟ್ಟೆಗೆ ತಾಗಬೇಕು ಕಣೇ. ಕತ್ತು ತಿರುಗಿಸಿಕೊಂಡು ನೀನಾದರೂ ನೀರು ಕುಡೀತೀಯಾ?’ ಮಗು ಬಾಯಿ ಅಗಲಿಸುವ ತನಕ ಕಾದು, ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವಂತೆ ಹಿಡಿಸಿದರು. ವಾರದೊಳಗೆ ಗಾಯ ಮಾಯಿತು. ಹೊಲಿಗೆ ನೋಯುತ್ತಿದ್ದರೆ ಮಗ್ಗುಲಲ್ಲಿ ಮಲಗಿಕೊಂಡೇ ಕುಡಿಸಬಹುದು.

ಆ ದೊಡ್ಡಮ್ಮ ಮುಂದೆಯೂ ತಿಂಗಳುಗಟ್ಟಲೆ ಸಂಜೆ ಆರಕ್ಕೆ ಬರುತ್ತಿದ್ದರು. ಮಗು ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು, ‘ಹೋಗು, ಸ್ನಾನ ಮಾಡು’ ಅಂತ ನನ್ನನ್ನು ಎಬ್ಬಿಸುತ್ತಿದ್ದರು. ಆ ಅರ್ಧ ಗಂಟೆ ಸಿಗದಿದ್ದರೆ ನಾನು ಸೋತುಬಿಡುತ್ತಿದ್ದೆ. ನಿನಗೂ ಅಂಥವರೊಬ್ಬರು ಹತ್ತಿರದಲ್ಲೇ ಇರುತ್ತಾರೆ. ಬಾಯಿಬಿಟ್ಟು ಕೇಳು.

– ಸಕಲೇಶಪುರದ ಓದುಗರು

*

ಕೆಲಸದ ಬಗ್ಗೆ ಕೇಳಿದ್ದೀರಿ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ, ಹೆರಿಗೆಗೆ ಮುಂಚಿನ ಒಂದು ವರ್ಷದಲ್ಲಿ 80 ದಿನ ಕೆಲಸ ಮಾಡಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. 2017ರಿಂದಲೂ ಇದೆ. ‘ಮೂರು ತಿಂಗಳಷ್ಟೇ’ ಎಂದು ನನಗೂ ಹೇಳಿದ್ದರು. ಸುಮ್ನೆ ಒಪ್ಪಿಕೊಳ್ಳಬೇಡಿ, ಬರವಣಿಗೆಯಲ್ಲಿ ಕೇಳಿ. ವಾಪಸ್ ಹೋದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು.

ನಾನು ಸ್ಟೀಲ್ ಡಬ್ಬಿಯನ್ನು ನೀರಿನಲ್ಲಿ ಕುದಿಸಿ ಆರಿಸಿಟ್ಟು, ಬೆಳಗ್ಗೆ ಅದರಲ್ಲಿ ಹಾಲು ಹಿಂಡಿ ಮುಚ್ಚಿಟ್ಟು ಹೋಗುತ್ತಿದ್ದೆ. ಹೊರಗಿದ್ದರೆ 4 ಗಂಟೆಯೊಳಗೆ, ಫ್ರಿಜ್‌ನಲ್ಲಿಟ್ಟರೆ ಅದೇ ದಿನ ಮುಗಿಸುತ್ತಿದ್ದೆವು. ಒಲೆ ಮೇಲೆ ಕಾಯಿಸಬಾರದು, ಬಿಸಿನೀರಿನಲ್ಲಿ ಡಬ್ಬಿ ಇಟ್ಟರೆ ಸಾಕು. ನಮ್ಮಮ್ಮ ಒಳಲೆಯಲ್ಲಿ ಕುಡಿಸುತ್ತಿದ್ದರು. ಬಾಟಲಿಯ ಗೋಜೇ ಬರಲಿಲ್ಲ.

– ಹಾಸನದ ಓದುಗರು

*

ಮಗಳೇ, ನಾನೂ ಒಬ್ಬಳ ಅತ್ತೆ. ಹಾಗಾಗಿ ಬರೆಯುತ್ತಿದ್ದೇನೆ.

ಹಸು ಕರು ಹಾಕಿದರೆ ನಾವು ಗಿಣ್ಣು ಬೇಯಿಸಿ, ಬೆಲ್ಲ ಏಲಕ್ಕಿ ಹಾಕಿ, ಕೇರಿಗೆಲ್ಲ ಹಂಚುತ್ತೇವೆ. ಅದೇ ನನ್ನ ಮಗ ಹುಟ್ಟಿದಾಗ, ಹಳದಿಯಾಗಿದೆ, ಕೆಟ್ಟಹಾಲು ಅಂತ ನನ್ನ ಗಿಣ್ಣನ್ನು ಹಿಂಡಿ ಚೆಲ್ಲಿಸಿದರು. ಮಗುವಿನ ನಾಲಿಗೆಗೆ ಜೇನು ಮುಟ್ಟಿಸಿದರು. ಆಮೇಲೆ ಬಾಟಲಿ ಬಂತು, ನಾಲ್ಕನೇ ತಿಂಗಳಿಗೆ ಭೇದಿ ಹಿಡಿದು ಮಗು ಒಣಗಿ ಕಡ್ಡಿಯಾಯಿತು. ಆ ರಾತ್ರಿಗಳು ಇವತ್ತಿಗೂ ಮರೆತಿಲ್ಲ.

ಸೊಸೆಯ ಹೆರಿಗೆಯಲ್ಲಿ ನರ್ಸಮ್ಮ ಹೇಳಿದ ಮೇಲೆ ನನಗೆ ತಿಳಿದದ್ದು, ಆ ಹಳದಿ ಹಾಲೇ ಮಗುವಿಗೆ ಮೊದಲ ರಕ್ಷೆ ಅಂತ. ಎದೆಹಾಲು ಕುಡಿದ ಮಕ್ಕಳಿಗೆ ಭೇದಿ, ನ್ಯುಮೋನಿಯಾ ಕಡಿಮೆ. ತಾಯಿಗೂ ಸ್ತನ ಕ್ಯಾನ್ಸರಿನ ಅಪಾಯ ಇಳಿಯುತ್ತದೆ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಆಮೇಲೆ ರಾಗಿ ಸರಿಯ ಜೊತೆಗೆ ಎರಡು ವರ್ಷದವರೆಗೂ ಕುಡಿಸಬಹುದು. ಡಬ್ಬಿ ಹಾಲು ತಂದುಕೊಟ್ಟವರಿಗೆ ಡಬ್ಬಿ ತಿರುಗಿಸಿ ಓದಲು ಹೇಳು. ಎದೆಹಾಲೇ ಉತ್ತಮ ಅಂತ ಅದರ ಮೇಲೇ ಅಚ್ಚು ಹಾಕಿರುತ್ತಾರೆ. ಹಾಗೆ ಹಾಕಲೇಬೇಕು ಅಂತ 1992ರಲ್ಲೇ ಕಾನೂನಾಗಿದೆ.

ಈ ಪುಟವನ್ನು ನಿನ್ನ ಅತ್ತೆಯ ಕೈಗೆ ಕೊಡು. ಅವರಿಗೂ ಮೊಮ್ಮಗುವಿನ ಚಿಂತೆಯೇ ಇರುವುದು. ಸಂಜೆ ಅಡುಗೆ ನಾನು ನೋಡಿಕೊಳ್ಳುತ್ತೇನೆ, ನೀನು ಮಗು ಹತ್ತಿರ ಕೂತಿರು ಅಂತ ಅವರೊಂದು ಮಾತು ಹೇಳಲಿ. ನಾನು ನನ್ನ ಸೊಸೆಗೆ ಮಾಡಿದ್ದು ಅಷ್ಟೇ.

– ಕಡೂರಿನ ಓದುಗರು