ಕ್ಯಾನ್ಸರ್ ಔಷಧ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ.: ಯಾವ ಪ್ರಯೋಗಾಲಯ ಸೂಕ್ತ?

ಪ್ರಶ್ನೆ:
ಸಾವಯವ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಜೆಆರ್‌ಎಫ್ (ಸಂಶೋಧನಾ ಶಿಷ್ಯವೇತನ) ಪಡೆದಿದ್ದೇನೆ. ಇಬ್ಬರು ಮಾರ್ಗದರ್ಶಕರು ನನ್ನನ್ನು ಸೇರಿಸಿಕೊಳ್ಳಲು ಒಪ್ಪಿದ್ದಾರೆ. ಒಬ್ಬರಲ್ಲಿ ಹೊಸ ಅಣುಗಳನ್ನು ಬೇಗ ಬೇಗ ತಯಾರಿಸಿ, ಜೀವಕೋಶಗಳ ಪರೀಕ್ಷೆಗೆ ಹೊರಗೆ ಕಳುಹಿಸಿ, ಪ್ರಬಂಧ ಪ್ರಕಟಿಸುತ್ತಾರೆ. ಇನ್ನೊಬ್ಬರು ಕಡಿಮೆ ಅಣುಗಳನ್ನು ಮಾಡಿದರೂ ಜೀವವಿಜ್ಞಾನಿಗಳ ಜೊತೆಯಲ್ಲೇ ಕೆಲಸ ಮಾಡುತ್ತಾರೆ. ಪಿಯುಸಿಯ ನಂತರ ನಾನು ಜೀವಶಾಸ್ತ್ರ ಓದಿಲ್ಲ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ 1:
ಎರಡನೆಯದನ್ನೇ ಆರಿಸಿಕೊಳ್ಳಿ. ರಕ್ತದ ಕ್ಯಾನ್ಸರ್‌ನ ಒಂದು ಬಗೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಮ್ಯಾಟಿನಿಬ್ ಎಂಬ ಔಷಧ ಹುಟ್ಟಿದ ಬಗೆಯನ್ನು ಗಮನಿಸಿ. ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನ ರಸಾಯನಶಾಸ್ತ್ರಜ್ಞರು ಆರಂಭಿಸಿದ ಅಣು ಪ್ರೋಟೀನ್ ಕೈನೇಸ್ ಸಿ ಎಂಬ ಬೇರೊಂದು ಕಿಣ್ವವನ್ನು ತಡೆಯುತ್ತಿತ್ತು. ಅದಕ್ಕೆ ಅಮೈಡ್ ಗುಂಪನ್ನು ಸೇರಿಸಿದಾಗ, ಈ ಕ್ಯಾನ್ಸರ್‌ಗೆ ಕಾರಣವಾದ ಕಿಣ್ವವೂ ಸೇರಿದ ಟೈರೋಸಿನ್ ಕೈನೇಸ್‌ಗಳ ಮೇಲೆಯೂ ಪರಿಣಾಮ ಕಂಡಿತು. ಒಂದೇ ಒಂದು ಮೀಥೈಲ್ ಗುಂಪನ್ನು ಸರಿಯಾದ ಜಾಗದಲ್ಲಿ ಇಟ್ಟಾಗ ಹಳೆಯ ಕಿಣ್ವದ ಮೇಲಿನ ಪರಿಣಾಮ ಇಲ್ಲವಾಯಿತು. ನೀರಿನಲ್ಲಿ ಕರಗಲೆಂದು ಕೊನೆಗೆ ಪಿಪರಜಿನ್ ಉಂಗುರ ಬಂತು. ಪ್ರತಿ ಹಂತದಲ್ಲೂ ಪರೀಕ್ಷೆಯ ಫಲಿತಾಂಶ ರಸಾಯನಶಾಸ್ತ್ರಜ್ಞರ ಮೇಜಿಗೆ ಮರಳಿ ಬಂದು ಮುಂದಿನ ಅಣುವನ್ನು ನಿರ್ಧರಿಸಿತು. ಈ ಮರಳುವಿಕೆ ಇಲ್ಲದ ಕಡೆ ನೀವು ಕಲಿಯುವುದು ಸಂಶ್ಲೇಷಣೆಯನ್ನು, ಅಂದರೆ ಅಣು ತಯಾರಿಕೆಯನ್ನು ಮಾತ್ರ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಸಂಶ್ಲೇಷಣೆಯನ್ನು ಹಗುರವಾಗಿ ಕಾಣಬಾರದು. ಕಾಲಂ ಓಡಿಸಿ ಬೇರ್ಪಡಿಸಿ, ಎನ್‌ಎಂಆರ್‌ನಲ್ಲಿ ಅಣುವಿನ ರಚನೆ ನೋಡಿ, ಶುದ್ಧತೆ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ಶೇ 95ಕ್ಕಿಂತ ಹೆಚ್ಚು ಶುದ್ಧವೆಂದು ಖಚಿತಪಡಿಸಿಕೊಳ್ಳದ ಅಣುವನ್ನು ಪರೀಕ್ಷೆಗೆ ಕೊಡಬಾರದು. ಕ್ರಿಯೆಯಲ್ಲಿ ಬಳಸಿದ ಲೋಹ ಸ್ವಲ್ಪ ಉಳಿದರೂ ಸುಳ್ಳು ಫಲಿತಾಂಶ ಬರಬಹುದು. ಇನ್ನೊಂದು ವಿಷಯ: ಒಂದೇ ಬಗೆಯ ಕ್ಯಾನ್ಸರ್ ಕೋಶದ ಐಸಿ50 (ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕೆ ತಗ್ಗಿಸುವ ಪ್ರಮಾಣ) ಬರೆದು ಮುಗಿಸುವ ಪ್ರಬಂಧಗಳನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಆರೋಗ್ಯವಂತ ಕೋಶಕ್ಕೂ ಅಷ್ಟೇ ಹಾನಿಯಾದರೆ ಅದು ವಿಷವೇ ಹೊರತು ಔಷಧದ ದಾರಿಯಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಜೀವಶಾಸ್ತ್ರದ ಓದನ್ನು ಎಲ್ಲಿಂದ ಆರಂಭಿಸಲಿ?

ಉತ್ತರ 1:
ದಪ್ಪ ಪಠ್ಯಪುಸ್ತಕದಿಂದ ಬೇಡ. ಪ್ರೋಟೀನ್ ರಚನೆಗಳ ಜಾಲತಾಣವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ 1ಐಇಪಿ ಎಂಬ ರಚನೆಯನ್ನು ತೆರೆಯಿರಿ. ಇಮ್ಯಾಟಿನಿಬ್ ತಾನು ತಡೆಯುವ ಕಿಣ್ವವಾದ ಏಬಲ್ ಕೈನೇಸ್‌ನಲ್ಲಿ ಕುಳಿತಿರುವುದು ಕಾಣುತ್ತದೆ. ಆ ಕಿಣ್ವದ 315ನೆಯ ಸ್ಥಾನದ ಥ್ರಿಯೋನಿನ್ ಎಂಬ ಅಮೈನೊ ಆಮ್ಲ ಔಷಧದೊಂದಿಗೆ ಹೈಡ್ರೋಜನ್ ಬಂಧ ಹೊಂದಿದೆ. ಅದು ಐಸೊಲ್ಯೂಸಿನ್ ಆಗಿ ಬದಲಾದ ರೋಗಿಗಳಲ್ಲಿ ಆ ಬಂಧವೂ ತಪ್ಪುತ್ತದೆ, ಜಾಗವೂ ಇಕ್ಕಟ್ಟಾಗುತ್ತದೆ, ಔಷಧ ನಾಟುವುದಿಲ್ಲ. 2012ರಲ್ಲಿ ಬಂದ ಪೊನಾಟಿನಿಬ್ ಎಂಬ ಔಷಧದ ತ್ರಿಬಂಧ ಆ ಇಕ್ಕಟ್ಟಿನಲ್ಲೂ ನುಸುಳುತ್ತದೆ. ಎರಡೂ ಅಣುಗಳನ್ನು ಕಾಗದದ ಮೇಲೆ ಬರೆದು ಹೋಲಿಸಿ, ಅನಂತರ ಆ ಎರಡನೆಯ ಮಾರ್ಗದರ್ಶಕರನ್ನು ಭೇಟಿಯಾಗಿ, ಅವರ ಗುರಿ ಯಾವ ಪ್ರೋಟೀನ್ ಎಂದು ಕೇಳಿ.